ಕೊಡೆಯ ಟೋಪಿ

ನನ್ನ ಗಂಡನ ಹೆಸರನ್ನು ನಾನು ಹೇಳುವುದಿಲ್ಲ, ಕೇಳಬೇಡಿ. ಊರಿನವರು ಈ ಕಥೆಯಲ್ಲಿ ಅಲ್ಲಲ್ಲಿ ಅವರನ್ನು ಹೆಸರು ಹಿಡಿದು ಕರೆಯುತ್ತಾರೆ, ಆಗ ಕೇಳಿಸಿಕೊಂಡರೆ ಸಾಕು. ನನ್ನ ಹೆಸರು ಗುರುಮಲ್ಲಮ್ಮ. ತೆರಕಣಾಂಬಿಯಲ್ಲಿ ಬಸ್ಸಿನಿಂದ ಇಳಿದು ‘ಉಲ್ಲನ್ ಗುರುಮಲ್ಲಮ್ಮನ ಮನೆ ಎಲ್ಲಿ’ ಎಂದರೆ ಕುರಿ ಕಾಯುವವನೂ ದಾರಿ ತೋರಿಸುತ್ತಾನೆ. ನಮ್ಮ ಯಜಮಾನರ ಧಾನ್ಯದ ಅಂಗಡಿ ಎಲ್ಲಿ ಎಂದರೆ ಮಾತ್ರ ಅವನೂ ಸ್ವಲ್ಪ ಯೋಚಿಸುತ್ತಾನೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಜಂಬ ಅಂದುಕೊಂಡರೂ ಅಂದುಕೊಳ್ಳಿ, ಕೈಯಲ್ಲಿ ಕೆಲಸವಿರುವವರಿಗೆ ಅಷ್ಟಾದರೂ ಇರಬೇಕು.

ಹೆಣಿಗೆ ಕಲಿತದ್ದು ಗುಂಡ್ಲುಪೇಟೆಯ ತವರಿನಲ್ಲಿ, ಮೊದಲ ಬಾಣಂತನಕ್ಕೆ ಹೋದಾಗ. ನನ್ನನ್ನೂ ಮಗುವನ್ನೂ ನೋಡಲು ಬರುತ್ತಿದ್ದ ನರ್ಸ್ ಅನ್ನಮ್ಮ ವಯನಾಡಿನ ಕಡೆಯವರು. ಅವರ ಮಾತಿನಲ್ಲಿ ಅರ್ಧ ಮಲಯಾಳ, ಕಾಲು ತಮಿಳು, ಉಳಿದದ್ದು ಕನ್ನಡ. ಮಗು ಮಲಗಿದ್ದಾಗ ನನ್ನ ಕೈಗೆ ಎರಡು ಕಡ್ಡಿ ಕೊಟ್ಟು ಕುಣಿಕೆ ಹಾಕುವುದನ್ನು ತೋರಿಸಿದರು. ಮೊದಲ ಕುಲಾವಿ ಮುಗಿಸಿ ಹೆಮ್ಮೆಯಿಂದ ಅವರ ಮುಂದೆ ಹಿಡಿದರೆ ಆಯಮ್ಮ ಹೊರಮೈಯನ್ನು ನೋಡಲೇ ಇಲ್ಲ. ಮಗುಚಿ ಒಳಗಡೆ ನೋಡಿದರು. ಅಲ್ಲಿ ಬಣ್ಣದ ದಾರಗಳು ಅಡ್ಡಾದಿಡ್ಡಿ ನೇತಾಡುತ್ತಿದ್ದವು.

“ಹೊರಗೆ ಎಲ್ಲಾರೂ ಚೆಂದ ಮಾಡ್ತಾರೆ ಮೋಳೇ,” ಎಂದರು, ಮೋಳೇ ಎಂದರೆ ಅವರಲ್ಲಿ ಮಗಳೇ. “ನೀ ಒಳಗೆ ಚೆಂದ ಮಾಡು.”

ಆವತ್ತಿನಿಂದ ನನ್ನ ಹೆಣಿಗೆಗೆ ಒಳಗು ಹೊರಗು ಎಂಬ ಭೇದವಿಲ್ಲ. ಎಷ್ಟು ಬಣ್ಣದ ಚಿತ್ರ ಹೆಣೆದರೂ ಎರಡೂ ಕಡೆ ಒಂದೇ ರೀತಿ ಕಾಣುತ್ತದೆ. ಸ್ವೆಟರನ್ನು ತಿರುಗುಮುರುಗು ಹಾಕಿಕೊಂಡರೂ ನೋಡಿದವರಿಗೆ ಗೊತ್ತಾಗುವುದಿಲ್ಲ.

ನಮ್ಮ ಸೀಮೆಯಲ್ಲಿ ಉಲ್ಲನ್ ಯಾರಿಗೆ ಬೇಕು ಎಂದು ನಗುವವರು ಮಾರ್ಗಶಿರದಲ್ಲಿ ಒಂದು ಬೆಳಗ್ಗೆ ಇಲ್ಲಿಗೆ ಬರಬೇಕು. ನೀಲಗಿರಿಯ ಗಾಳಿ ಇಳಿದು ಬಂದು ಹಲ್ಲಿಗೆ ಹಲ್ಲು ಕುಟ್ಟಿಸುತ್ತದೆ. ಹೊತ್ತೇರಿದ ಮೇಲೆ ಅದೇ ಊರು ಕಾದ ಕಾವಲಿ. ಊಟಿಯ ಅಂಗಡಿಗಳಲ್ಲಿ ಉಳಿದ ಉಲ್ಲನ್ನನ್ನು ಲಾರಿಯವರು ಗುಂಡ್ಲುಪೇಟೆಯಲ್ಲಿ ಇಳಿಸುತ್ತಿದ್ದರು. ನಾನು ಬಸ್ಸಿನಲ್ಲಿ ಹೋಗಿ ಚೀಲದಲ್ಲಿ ತುಂಬಿಕೊಂಡು ಬರುತ್ತಿದ್ದೆ. ಬಣ್ಣ ಆರಿಸುವ ಭಾಗ್ಯ ನನಗಿರಲಿಲ್ಲ, ಸಿಕ್ಕಿದ್ದೇ ಬಣ್ಣ. ಹಾಗಾಗಿ ನಮ್ಮೂರ ಮಕ್ಕಳ ಸ್ವೆಟರಿನಲ್ಲಿ ಒಂದು ತೋಳು ಹಸಿರಾದರೆ ಇನ್ನೊಂದು ನೇರಳೆ. ಚಾಮರಾಜನಗರದ ಸ್ಟೇಷನ್ನಿನಲ್ಲಿ ಯಾರ ಕೊರಳಲ್ಲಾದರೂ ನನ್ನ ಮಫ್ಲರ್ ಕಂಡರೆ ಹತ್ತಿರ ಹೋಗಿ ಅದರ ಕ್ಷೇಮ ವಿಚಾರಿಸದೆ ರೈಲು ಹತ್ತುವವಳಲ್ಲ ನಾನು.

ಸಾಯಂಕಾಲ ಸ್ಕೂಲು ಬಿಟ್ಟ ಮೇಲೆ ಊರಿನ ಹುಡುಗಿಯರು ನಮ್ಮ ಜಗಲಿಗೆ ಬಂದು ಹೆಣಿಗೆ ಕಲಿಯುತ್ತಿದ್ದರು. ಕೆಳಗೆ ಅಂಗಳದಲ್ಲಿ ಚಿಕ್ಕಮಾದಮ್ಮ ಕೂರುತ್ತಿದ್ದಳು. ಉಡಿಗಾಲದಿಂದ ನಮ್ಮೂರಿಗೆ ಸೊಸೆಯಾಗಿ ಬಂದವಳು, ನಮ್ಮ ಹೊಲದಲ್ಲಿ ಕೂಲಿ ಮಾಡುವವಳು, ನನ್ನ ವಾರಿಗೆಯವಳೇ. ಒಂದು ದಿನ ಕಳೆ ಕಿತ್ತು ಬಂದವಳು ನಿಂತು ನೋಡಿ, ನನಗೂ ಎರಡು ಕಡ್ಡಿ ಕೊಡಿ ಅಂದಳು, ಕೊಟ್ಟೆ. ನಾನು ಮೇಲಿನಿಂದ ಉಲ್ಲನ್ ಉಂಡೆಯನ್ನು ಉರುಳಿಸುವುದು, ಅವಳು ಕೆಳಗಿನಿಂದ ಅದನ್ನು ಎಸೆಯುವುದು, ಹೀಗೆ ನಡೆಯುತ್ತಿತ್ತು. ಮೇಲೆ ಬಾರೆ ಎಂದು ನಾನು ಕರೆಯದ ದಿನವಿಲ್ಲ.

“ನಿಮ್ಮತ್ತೆವ್ರು ಒಳಗಿಂದ ಕೆಮ್ಮದ ಕೇಳ್ಕಂಡು ಕೂರದು ನನ್ ಕೈಲಾಗಕಿಲ್ಲ ಕಣಮ್ಮಾ,” ಎನ್ನುತ್ತಿದ್ದಳು. “ಸರ್ಕಾರದ್ ನೆಲ ತೋರ್ಸಿ, ಅಲ್ ಬೇಕಾದ್ರೆ ಕೂತ್ಕತೀನಿ. ನಿಮ್ ಜಗಲಿ ನಂಗ್ಯಾಕೆ?”

ನಮ್ಮತ್ತೆ ದೊಡ್ಡಮಲ್ಲಮ್ಮ ಕೆಮ್ಮುವುದು ನಿಜ. ಅವರು ಕೆಮ್ಮಿದರೆ ಊರಿಗೇ ಅರ್ಥವಾಗುತ್ತದೆ. ಆ ವರ್ಷ, ಅಂದರೆ ರಾಜ್ಯ ಒಂದಾದ ಮರುವರ್ಷ, ಕಾರ್ತಿಕದಲ್ಲಿ ಅವರು ಕೆಮ್ಮುವುದನ್ನು ಬಿಟ್ಟು ಬಾಯಿಬಿಟ್ಟೇ ಹೇಳಿದರು.

“ಸಂಕ್ರಾಂತಿ ಕಳೀತಿದ್ದಂಗೆ ನನ್ ಜಗಲಿ ನಂಗೆ ಬೇಕು ಕಣಮ್ಮಿ. ಎಲೆಅಡಕೆ ಹಾಕ್ಕಂಡು ಬೀದಿ ನೋಡಕ್ಕೂ ಜಾಗಿಲ್ಲ. ಎತ್ತಗ್ ಕಾಲಿಟ್ರೂ ಕಡ್ಡಿ ಚುಚ್ತದೆ. ಆ ಮಕ್ಕಳ ಎಲ್ಲಿಗಾರ ಕರ್ಕೊಂಡೋಗು, ಇಲ್ಲಾ ಮನೆಗ್ ಕಳ್ಸು.”

ಎಲ್ಲಿಗೆ ಕರೆದುಕೊಂಡು ಹೋಗುವುದು? ಜಗಲಿ ಹೋದರೆ ನನ್ನ ಹೆಣಿಗೆಯ ಪಾಠವೂ ಹೋದಂತೆಯೇ. ಒಬ್ಬೊಬ್ಬಳೇ ಮನೆಯಲ್ಲಿ ಕೂತು ಹೆಣೆಯಲು ಯಾವ ತಾಯಿಯೂ ಬಿಡುವುದಿಲ್ಲ, ಕಡ್ಡಿ ಕಿತ್ತುಕೊಂಡು ಪೊರಕೆ ಕೊಡುತ್ತಾಳೆ. ನನ್ನ ಕಣ್ಣು ಆಗ ಬಿದ್ದದ್ದು ಪಂಚಾಯ್ತಿ ಚಾವಡಿಯ ಪಕ್ಕದ ಕೋಣೆಯ ಮೇಲೆ. ಗಟ್ಟಿ ಗೋಡೆ, ಬೆಳಕು ಬರುವ ದೊಡ್ಡ ಕಿಟಕಿ, ಸರ್ಕಾರದ ನೆಲ. ಆದರೆ ಅದರಲ್ಲಿ ತುಂಬಿದ್ದದ್ದು ನಂಜುಂಡಪ್ಪನವರ ಕಡಲೆಕಾಯಿ ಮೂಟೆಗಳು. ನಂಜುಂಡಪ್ಪನವರು ಊರಿನ ದೊಡ್ಡ ವ್ಯಾಪಾರಿ, ಬೀಗದಕೈ ಯಾವ ಕಾಲದಲ್ಲೋ ಅವರ ಸೊಂಟ ಸೇರಿತ್ತು. ಕೇಳುವವರು ಯಾರು? ಉಳ್ಳವರು ಮಾಡಿದ್ದೇ ನ್ಯಾಯ.

ಕೇಳಲು ಒಂದು ದಾರಿ ತಾನಾಗಿಯೇ ಬಂತು. ಪಂಚಾಯ್ತಿ ಚುನಾವಣೆ ಸಾರಿದರು. ನಮ್ಮ ಬೀದಿಗಳ ಸೀಟಿನಲ್ಲಿ ಗೆದ್ದವನೇ ಚೇರ್ಮನ್ ಆಗುವುದು ಖಂಡಿತವಾಗಿತ್ತು, ಅದಕ್ಕೆ ನಂಜುಂಡಪ್ಪನವರು ಅರ್ಜಿ ಹಾಕಿದರು. ಅದನ್ನು ಕೇಳಿದ ಕೂಡಲೇ ನಾನು ಮನೆಯಲ್ಲಿ ಹೇಳಿದೆ, ನಮ್ಮ ಯಜಮಾನರೂ ನಿಲ್ಲುತ್ತಾರೆ ಎಂದು.

ಬಾಯಿಗೆತ್ತಿದ್ದ ಮುದ್ದೆಯನ್ನು ಅವರು ತಟ್ಟೆಗೇ ಇಳಿಸಿದರು. “ಯಾರು, ನಾನಾ?”

“ಇನ್ಯಾರು, ನಮ್ಮತ್ತೇನಾ?”

“ನಂಗೆ ಸಭೇಲಿ ಕೂತ್ರೆ ನಿದ್ದೆ ಬತ್ತದೆ ಗುರು, ಬ್ಯಾಡ.”

ಅವರು ಬೇಡವೆಂದಷ್ಟೂ ನಾನು ಬೇಕು ಎಂದೆ. ನಮ್ಮಿಬ್ಬರ ನಡುವೆ ರಾಜಕೀಯದ ಜಗಳ ಹೊಸದೇನಲ್ಲ. ಕರ್ನಾಟಕ ಒಂದಾಗಬೇಕು ಎಂದು ನಾನು, ನಮ್ಮ ಮೈಸೂರು ನಮಗೆ ಸಾಕು, ಇರುವ ನೀರಿಗೇ ಬಿಂದಿಗೆ ಜಾಸ್ತಿಯಾಗಿದೆ ಎಂದು ಅವರು. ಅಂಗಡಿಗೆ ಬರುವ ಪೇಪರನ್ನು ಅವರು ಓದಿ ಮುಗಿಸುವ ಮೊದಲೇ ನಾನು ಉತ್ತರ ಹೇಳಿರುತ್ತಿದ್ದೆ. ಕೊನೆಗೆ ಕೊಳ್ಳೇಗಾಲ ಮದ್ರಾಸ್ ಬಿಟ್ಟು ನಮ್ಮ ಕಡೆ ಬಂದಾಗ, ಅಲ್ಲಿಗೆ ಕೊಟ್ಟಿದ್ದ ನಮ್ಮಕ್ಕ ಕೂತ ಕಡೆಯಿಂದ ಏಳದೆ ಮೈಸೂರು ರಾಜ್ಯದವಳಾದಳು. ನಾನು ಪಾಯಸ ಮಾಡಿದೆ. ಅವರು ಪಾಯಸ ಕುಡಿದು, “ಇದು ಮಾತ್ರ ಒಳ್ಳೇದಾಯ್ತು,” ಎಂದರು. ಅಲ್ಲಿಂದ ಮೇಲೆ ನಾನು ಹೇಳಿದ್ದು ನಡೆಯುತ್ತದೆ ಎಂಬ ಧೈರ್ಯ ನನಗೆ. ಅರ್ಜಿ ಹಾಕಿಸಿದೆ.

ಗುರುತು ಹಂಚಿದ ದಿನ ನಮಗೆ ಬಂದದ್ದು ಕೊಡೆ. ನಂಜುಂಡಪ್ಪನವರಿಗೆ ಸೌಟು. ಸೌಟು ಹೆಂಗಸರ ಗುರುತು ಎಂದು ಅವರ ಮುಖ ಸಪ್ಪಗಾಯಿತಂತೆ. ನಾನು ಒಳಗೊಳಗೇ ನಕ್ಕೆ. ಆ ನಗು ಮಾರನೆಯ ದಿನವೇ ಇಳಿದುಹೋಯಿತು.

ಓಟು ಕೇಳಲು ಮೊದಲು ಹೋದದ್ದು ಮೇಲಿನ ಬೀದಿಯ ಗುರುಸಿದ್ದಮ್ಮನ ಮನೆಗೆ. ಅಜ್ಜಿ ಮುಪ್ಪಿನಲ್ಲೂ ಚೂಟಿ. ಚಿಕ್ಕಮಾದಮ್ಮ ನನ್ನ ಜೊತೆಗಿದ್ದಳು.

“ಓಟು ಯಾರ್ಗವ್ವಾ ಹಾಕ್ಬೇಕು?” ಎಂದು ಅಜ್ಜಿ ಕೇಳಿತು.

“ನಮ್ಮನೆಯವರಿಗೆ ಅಜ್ಜಿ.”

“ನಂಜುಂಡಪ್ಪನ್ ಹೆಂಡ್ರೂ ಬಂದಿದ್ಲು. ಅವ್ಳೂ ನಮ್ಮನೆಯವರಿಗೆ ಅಂದ್ಲು. ನಾನ್ ಯಾವ್ ಮನೆಯವ್ರಿಗೆ ಅಂತ ಹಾಕ್ಲಿ?”

ಹೆಸರು ಹೇಳುವಂತಿಲ್ಲ. ಗುರುತನ್ನಾದರೂ ಹೇಳೋಣವೆಂದು, “ಕೊಡೆ, ಕೊಡೆ,” ಎಂದೆ.

ಅಜ್ಜಿಯ ಹುಬ್ಬು ಮೇಲೇರಿತು. “ಕೊಡೆ ಅಂದ್ರೆ ಕೊಡಬ್ಯಾಡ ಬುಡು. ನಾನೇನಾದ್ರೂ ಕೇಳಿದ್ನಾ ನಿನ್ನ? ಓಟು ಕೇಳಕ್ ಬಂದು ಕೊಡೆ ಕೊಡೆ ಅಂತೀಯಲ್ಲ.”

ಹೊರಗೆ ಬಂದು ಚಿಕ್ಕಮಾದಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ಹಾಗಾದರೆ ಛತ್ರಿ ಎಂದೇ ಹೇಳೋಣವೆಂದರೆ ಅದು ಇನ್ನೂ ಚೆಂದ. ಮುಂದಿನ ಮನೆಯಲ್ಲಿ, “ನಮ್ಮನೆಯವರು ಛತ್ರಿ,” ಎಂದು ನಾನು ಹೇಳಿದ್ದೇ ತಡ, ಆ ಮನೆಯ ಗಂಡಸು, “ಅಂಗನ್ಬಾರ್ದು ಕಣವ್ವ, ಗಂಗಾಧರಸ್ವಾಮಿ ಅಂಥೋರಲ್ಲ, ಪಾಪದೋರು,” ಎಂದು ನನಗೇ ಬುದ್ಧಿ ಹೇಳಿದ. ಕಳ್ಳನಿಗೆ, ಮೋಸಗಾರನಿಗೆ ನಮ್ಮಲ್ಲಿ ಛತ್ರಿ ಎನ್ನುವುದನ್ನು ಗುರುತು ಹಂಚಿದ ಪುಣ್ಯಾತ್ಮ ಯೋಚಿಸಿರಲಿಲ್ಲ.

ಸಾಯಂಕಾಲ ಅಂಗಳದಲ್ಲಿ ಕೂತು ತಲೆ ಕೆರೆದುಕೊಂಡೆ. ಹೆಸರು ಹೇಳಿದರೆ ನನಗೆ ದೋಷ, ಕೊಡೆ ಎಂದರೆ ಕೊಡುವುದಿಲ್ಲವೆಂದಂತೆ, ಛತ್ರಿ ಎಂದರೆ ಬೈದಂತೆ. ಬಾಯಿದ್ದೂ ಮೂಗಿಯಾದೆ.

“ಬಾಯಲ್ ಹೇಳಕ್ಕಾಗ್ದೆ ಇದ್ರೆ ಕೈಯಲ್ ಹೇಳಿ,” ಎಂದಳು ಚಿಕ್ಕಮಾದಮ್ಮ, ಕಡ್ಡಿಯಿಂದ ಕಣ್ಣೆತ್ತದೆ.

ಆಗ ಹೊಳೆದದ್ದು ಟೋಪಿ. ಕಿವಿ ಮುಚ್ಚುವಂಥ ಉಲ್ಲನ್ ಟೋಪಿ, ಹಣೆಯ ಮೇಲೆ ಬರುವ ಅಂಚಿನಲ್ಲಿ ಕಪ್ಪು ಕೊಡೆಯ ಚಿತ್ರ. ಗಂಡಸರು ಹಾಕಿಕೊಂಡು ಓಡಾಡಲಿ, ಹೆಂಗಸರು ನೋಡಲಿ. ಟೋಪಿಯ ಮೇಲಿರುವ ಗುರುತಿನ ಪೆಟ್ಟಿಗೆಗೆ ಓಟು ಹಾಕಿ ಎಂದರೆ ಮುಗಿಯಿತು, ಹೆಸರೂ ಬೇಡ, ಕೊಡೆಯೂ ಬೇಡ, ಛತ್ರಿಯೂ ಬೇಡ. ಆಗೆಲ್ಲ ಒಬ್ಬೊಬ್ಬ ಉಮೇದುವಾರನಿಗೂ ಬೇರೆ ಬೇರೆ ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಅವನ ಗುರುತಿನ ಚೀಟಿ. ಓದು ಬಾರದವರೂ ನೋಡಿ ಹಾಕಬಹುದಿತ್ತು.

ಗುಂಡ್ಲುಪೇಟೆಗೆ ಹೋಗಿ ಇದ್ದ ಉಲ್ಲನ್ನನ್ನೆಲ್ಲ ಬಾಚಿಕೊಂಡು ಬಂದೆ. ಜಗಲಿ ತುಂಬ ಹುಡುಗಿಯರು. ಮಗನ ಕೆಲಸವೆಂದು ನಮ್ಮತ್ತೆ ಕೆಮ್ಮನ್ನು ನುಂಗಿಕೊಂಡರು, ಒಂದು ದಿನ ತಾವೇ ದಾರ ಸುತ್ತಿಕೊಟ್ಟರು. ಕೊಡೆಯ ಹಿಡಿಗೆ ಕೊಕ್ಕೆ ಹೆಣೆಯಹೋದರೆ ಹೊತ್ತು ಹಿಡಿಯುತ್ತದೆಂದು ನೇರವಾದ ಕೋಲು ಸಾಕು ಎಂದೆ. ಮೇಲೆ ಗುಮ್ಮಟದಂಥ ಬಟ್ಟೆ, ಕೆಳಗೆ ಕೋಲು. ಹುಡುಗಿಯರು ಮುಗಿಸಿ ತಂದ ಪ್ರತಿಯೊಂದು ಟೋಪಿಯನ್ನೂ ನಾನು ಮಗುಚಿ ನೋಡಿದೆ. ಒಳಗೆ ಒಂದು ದಾರ ನೇತಾಡಿದರೂ ಬಿಚ್ಚಿಸಿ ಮತ್ತೆ ಹೆಣೆಸಿದೆ. ಅನ್ನಮ್ಮ ನೋಡಿದ್ದರೆ ಅಪ್ಪಿಕೊಳ್ಳುತ್ತಿದ್ದರು.

ಟೋಪಿ ಹಂಚಿದ್ದು ಗೊತ್ತಾಗಿ ನಂಜುಂಡಪ್ಪನವರು ಟೀ ಅಂಗಡಿಯ ಮುಂದೆ ನಿಂತು ಹೇಳಿದರಂತೆ, “ನೋಡ್ರಪ್ಪಾ, ಓಟಿಗ್ ಮುಂಚೇನೇ ಊರಿಗೆಲ್ಲ ಟೋಪಿ ಹಾಕ್ಬುಟ್ರು. ಗೆದ್ ಮ್ಯಾಲೆ ಇನ್ನೇನ್ ಹಾಕ್ತರೋ.” ಎಲ್ಲರೂ ನಕ್ಕರಂತೆ. ಅದು ನಮ್ಮ ಕಿವಿಗೆ ಬಿದ್ದಾಗ ಚಿಕ್ಕಮಾದಮ್ಮ ತಾನೇ ಟೀ ಅಂಗಡಿಯ ಮುಂದೆ ಹೋಗಿ, “ಇಷ್ಟ್ ವರ್ಷ ನೀವು ಬರೀ ಕೈಲಿ ಹಾಕಿದ್ರಿ ಬುದ್ಧಿ, ನಮ್ಮಮ್ಮಾವ್ರು ಉಲ್ಲನ್ ಕೊಟ್ಟು ಹಾಕವ್ರೆ,” ಎಂದು ಹೇಳಿ ಬಂದಳು. ಆಗ ಇನ್ನೂ ಜೋರಾಗಿ ನಕ್ಕರು.

ಓಟಿನ ದಿನ ಬೆಳಗ್ಗೆ ಎಂಥ ಚಳಿ ಗೊತ್ತೇ? ಶಿವನೇ ನಮ್ಮ ಪಕ್ಷ ಎಂದುಕೊಂಡೆ. ಸ್ಕೂಲಿನ ಮುಂದೆ ನಿಂತ ಗಂಡಸರೆಲ್ಲ ಟೋಪಿಯನ್ನು ಕಿವಿಯ ಕೆಳಗಿನವರೆಗೆ ಎಳೆದುಕೊಂಡಿದ್ದರು. ಎತ್ತ ನೋಡಿದರೂ ಕೊಡೆ. ಹಸಿರು ಟೋಪಿಯ ಮೇಲೆ ಕೊಡೆ, ಕೇಸರಿ ಟೋಪಿಯ ಮೇಲೆ ಕೊಡೆ. ನಂಜುಂಡಪ್ಪನವರ ಕಡೆಯವನೇ ಒಬ್ಬ ಚಳಿ ತಾಳಲಾರದೆ ನಮ್ಮ ಟೋಪಿ ಹಾಕಿಕೊಂಡು, ಕೊಡೆಯ ಮೇಲೆ ಕೈ ಮುಚ್ಚಿಕೊಂಡು ನಿಂತಿದ್ದ. ನಂಜುಂಡಪ್ಪನವರು ಟೋಪಿಗಳನ್ನು ನೋಡಿದರು, ನನ್ನನ್ನು ನೋಡಿದರು, ಬೀಡಿ ಹಚ್ಚಿದರು. ನನಗೆ ನೆಲ ಕಾಣುತ್ತಿರಲಿಲ್ಲ. ಆ ಕೋಣೆಯ ಕಿಟಕಿಗೆ ಯಾವ ಬಣ್ಣದ ಪರದೆ ಹಾಕಲಿ ಎಂದು ಯೋಚಿಸುತ್ತಾ ಮನೆಗೆ ಬಂದು ಉಪ್ಪಿಟ್ಟು ಮಾಡಿದೆ.

ನಮ್ಮೂರ ಹೆಂಗಸರು ಮನೆಗೆಲಸ ಮುಗಿಸದೆ ಎಲ್ಲಿಗೂ ಹೊರಡುವವರಲ್ಲ. ಅವರು ಓಟಿಗೆ ಹೊರಟದ್ದು ಹೊತ್ತೇರಿದ ಮೇಲೆ. ಅಷ್ಟರಲ್ಲಿ ಚಿಕ್ಕಮಾದಮ್ಮ ಏದುಸಿರು ಬಿಡುತ್ತಾ ನಮ್ಮ ಅಂಗಳಕ್ಕೆ ಬಂದಳು.

“ಅಮ್ಮಾ, ಬೇಗ್ ಬನ್ನಿ. ಕೊಡೆ ಮಗುಚ್ಕಬುಟ್ಟದೆ.”

“ಏನೇ ಹಾಗಂದರೆ?”

“ಬಿಸ್ಲು ಕಣಮ್ಮಾ. ಎಲ್ಲಾರೂ ಟೋಪಿ ಅಂಚ ಮ್ಯಾಕ್ ಮಡ್ಚವ್ರೆ. ಕೊಡೆ ತಲೆಕೆಳಗಾಗದೆ. ನೀವೇ ಬಂದ್ ನೋಡಿ, ಅದು ಸೌಟು.”

ಓಡಿದೆ. ಸೆರಗು ಎಲ್ಲಿ, ಚಪ್ಪಲಿ ಎಲ್ಲಿ ಎಂದು ನೋಡದೆ ಓಡಿದೆ. ಸ್ಕೂಲಿನ ಮುಂದೆ ಊರಿನ ಗಂಡಸರೆಲ್ಲ ಬಿಸಿಲಿಗೆ ಕಿವಿ ಬಿಟ್ಟುಕೊಂಡು, ಟೋಪಿಯ ಅಂಚನ್ನು ಅಚ್ಚುಕಟ್ಟಾಗಿ ಮೇಲಕ್ಕೆ ಮಡಚಿಕೊಂಡು ಹರಟುತ್ತಿದ್ದರು. ಮಡಚಿದ ಅಂಚಿನಲ್ಲಿ ಒಳಮೈ ಹೊರಗೆ ಬಂದಿತ್ತು. ಗುಮ್ಮಟ ಕೆಳಗೆ, ಕೋಲು ಮೇಲೆ. ಬೇರೆ ಯಾರಾದರೂ ಹೆಣೆದಿದ್ದರೆ ಒಳಮೈಯಲ್ಲಿ ದಾರಗಳ ಗೋಜಲಷ್ಟೇ ಕಾಣುತ್ತಿತ್ತು. ನನ್ನದಲ್ಲವೇ, ಎರಡೂ ಕಡೆ ಒಂದೇ. ಚೊಕ್ಕವಾದ ಸೌಟು ಊರಿನ ಹಣೆಯ ಮೇಲೆಲ್ಲ ಹೊಳೆಯುತ್ತಿತ್ತು. ಬಾಗಿಲ ಬಳಿ ಹೆಂಗಸರು ಸಾಲಾಗಿ ನಿಂತು, ಗಂಡಸರ ತಲೆಗಳನ್ನು ಗಮನವಿಟ್ಟು ನೋಡಿ ಒಳಗೆ ಹೋಗುತ್ತಿದ್ದರು.

ನಮ್ಮ ಹೊಲದ ಬೋರಯ್ಯಜ್ಜನ ಟೋಪಿಗೆ ಕೈ ಹಾಕಿ ಕಿವಿಯವರೆಗೆ ಎಳೆದೆ.

“ಸೆಕೆ ಕಣವ್ವ,” ಎಂದಿತು ಅಜ್ಜ.

“ಸೆಕೆಯಾದರೆ ಆಗಲಿ, ಸಾಯಂಕಾಲದವರೆಗೆ ತಡಕೋ.”

ನಾನು ಮುಂದಿನವನ ಹತ್ತಿರ ಹೋಗುವಷ್ಟರಲ್ಲಿ ಅಜ್ಜ ಮತ್ತೆ ಮಡಚಿಕೊಂಡಿತ್ತು. ನಾನು ಈ ತಲೆಯಲ್ಲಿ ಇಳಿಸಿದರೆ ಆ ತಲೆಯಲ್ಲಿ ಏರುತ್ತಿತ್ತು. ಚಿಕ್ಕಮಾದಮ್ಮ ಆ ಸಾಲು, ನಾನು ಈ ಸಾಲು. ಓಟಿನ ಜಾಗದಲ್ಲಿ ಗಲಾಟೆ ಮಾಡಬೇಡಿ ತಾಯಿ ಎಂದು ಪೊಲೀಸಿನವನು ಕೈ ಮುಗಿದ. ಅಷ್ಟರಲ್ಲಿ ಗುರುಸಿದ್ದಮ್ಮಜ್ಜಿ ಒಳಗಿನಿಂದ ಬಂದು ನನ್ನ ಗಲ್ಲ ಹಿಡಿದು, “ಹಾಕ್ದೆ ಕಣವ್ವ ನಿನ್ ಗಂಡುಂಗೆ. ಟೋಪಿ ಮ್ಯಾಲಿರೋ ಸೌಟಿಗೇ ಹಾಕ್ದೆ,” ಎಂದು ಹರಸಿತು. ಅಳು ಬಂತು, ನಗು ಬಂತು, ಎರಡೂ ಒಟ್ಟಿಗೇ ಬಂದು ಬಿಕ್ಕಳಿಕೆ ಹತ್ತಿತು.

ಸಾಯಂಕಾಲ ಪೆಟ್ಟಿಗೆ ಒಡೆದರು. ಸೌಟು ಗೆದ್ದಿತ್ತು. ದೊಡ್ಡ ಅಂತರವೇನಲ್ಲ, ಮೇಲಿನ ಬೀದಿಯ ಹೆಂಗಸರಷ್ಟು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಮನೆಯಲ್ಲಿ ದೀಪ ಹಚ್ಚಿ ಗೋಡೆಗೆ ಒರಗಿ ಕೂತೆ. ನಮ್ಮತ್ತೆ ಕೆಮ್ಮದೆ ಕಾಫಿ ತಂದಿಟ್ಟರು, ಅದು ಬೈದಿದ್ದಕ್ಕಿಂತ ಹೆಚ್ಚಾಯಿತು. ಯಜಮಾನರು ಶಿಳ್ಳೆ ಹಾಕಿಕೊಂಡು ಬಂದರು. ಸೋತವರು ಶಿಳ್ಳೆ ಹಾಕುತ್ತಾರೆಯೇ? ತಲೆಯೆತ್ತಿ ನೋಡಿದರೆ ಅವರ ಟೋಪಿಯ ಅಂಚೂ ಮೇಲಕ್ಕೆ ಮಡಚಿದೆ.

“ನೀವೂ ಮಡಚಿದ್ದೀರಲ್ಲ.”

“ಬೆಳಗ್ಗಿಂದ್ಲೂ ಅಂಗಡೀಲಿ ಇಂಗೇ ಕೂತಿದ್ದೆ.”

“ಅಷ್ಟು ಚಳಿಯಲ್ಲೂ?”

ಅವರು ಟೋಪಿ ತೆಗೆದು ಮೊಳೆಗೆ ಹಾಕಿ ನನ್ನ ಎದುರು ಕೂತರು. “ಮೊದ್ಲ ಟೋಪಿ ನನ್ ತಲೆಗ್ ಹಾಕಿ ಅಳತೆ ನೋಡಿದ್ಯಲ್ಲ ಗುರು, ಅವತ್ತೇ ಕನ್ನಡೀಲಿ ಮಡ್ಚಿ ನೋಡಿದ್ದೆ. ಸೌಟು ಕಾಣಿಸ್ತು.”

“ಕಂಡಿದ್ದೂ ಹೇಳಲಿಲ್ಲ?”

“ಹೇಳಿದ್ರೆ ನೀನು ಎಲ್ಲಾನೂ ಬಿಚ್ಚಿ ಮತ್ತೆ ಹೆಣೀತಿದ್ದೆ. ನನ್ನ ಗೆಲ್ಸೇಬುಡ್ತಿದ್ದೆ.”

ನನಗೆ ಬಂದ ಸಿಟ್ಟನ್ನು ಬರೆಯಲು ಬರುವುದಿಲ್ಲ. ಊರಿನ ಹುಡುಗಿಯರ ಬೆರಳಲ್ಲಿ ಬೊಬ್ಬೆ ಎದ್ದಿವೆ, ನನ್ನ ಕಣ್ಣು ಕೆಂಪಾಗಿದೆ, ಈ ಮಹಾರಾಯರು ಕನ್ನಡಿ ನೋಡಿಕೊಂಡು ನಗುತ್ತಿದ್ದರಂತೆ. “ಸಂಕ್ರಾಂತಿಗೆ ಜಗಲಿ ಹೋಗುತ್ತದೆ, ಆ ಮಕ್ಕಳನ್ನು ಎಲ್ಲಿ ಕೂರಿಸಲಿ, ನಿಮ್ಮ ತಲೆಯ ಮೇಲಾ?” ಎಂದು ಕೂಗಿದೆ. ಅತ್ತೆ ಒಳಗಿದ್ದಾರೆ ಎಂಬುದೂ ನೆನಪಾಗಲಿಲ್ಲ. ಕೂಗುತ್ತಾ ಕೂಗುತ್ತಾ ಅತ್ತುಬಿಟ್ಟೆ. ಅವರು ಕಾಫಿ ಲೋಟವನ್ನು ನನ್ನ ಕಡೆಗೆ ಸರಿಸಿದರು.

“ಬ್ಯಾಡ ಅಂದೆ, ಕೇಳ್ದಾ? ಕೋಣೆ ಬೇಕಾಗಿರೋದು ನಿಂಗೆ. ಮನೆಮನೆಗ್ ಹೋದೋಳು ನೀನು. ಊರಲ್ ಏನಂದ್ರು ಗೊತ್ತಾ? ನಿಂತಿರೋದು ಗುರುಮಲ್ಲಮ್ಮ, ಗಂಗಾಧರಸ್ವಾಮಿ ಅವಳ ಗುರುತು ಅಂತ. ನಾನು ಗೆದ್ದಿದ್ರೆ ಆ ಕುರ್ಚೀಲಿ ತೂಕಡಿಸ್ತಿದ್ದೆ, ನೀನು ಬಾಗ್ಲ್ ಹಿಂದೆ ನಿಂತು ಪಿಸುಪಿಸು ಅಂತಿದ್ದೆ. ನಿನ್ ಬಾಯಿಗೇನಾಗದೆ? ಹೋಗು, ಎದುರಿಗ್ ನಿಂತು ನೀನೇ ಕೇಳು.”

“ಹೆಂಗಸು ಚಾವಡಿಗೆ ಹೋಗಿ ಕೇಳುವುದೇ?”

“ಊರ ಗಂಡಸ್ರ ಟೋಪಿನೆಲ್ಲ ಹಿಡ್ದೆಳೆದ್ ಬಂದೋಳು, ಚಾವಡಿಗೆ ಹೆದರ್ತೀಯಾ?” ಎಂದು ಅವರು ನಕ್ಕರು. ಆ ನಗುವಿಗೆ ನಾನು ತಣ್ಣಗಿನ ಮುದ್ದೆಯನ್ನೇ ಬಡಿಸಿದೆ. ಅದನ್ನೂ ನಗುತ್ತಲೇ ಉಂಡರು.

ಮಾರನೆಯ ದಿನ ಸಿಟ್ಟು ಇಳಿಯುವ ಮುಂಚೆಯೇ ಹೊರಟೆ, ಇಳಿದರೆ ಧೈರ್ಯವೂ ಇಳಿದುಹೋಗುತ್ತದೆಂದು. ಚಿಕ್ಕಮಾದಮ್ಮನನ್ನು ಕರೆಯಲೇ ಇಲ್ಲ, ಅವಳೇ ಬೀದಿಯ ತಿರುವಿನಲ್ಲಿ ಕಾಯುತ್ತಿದ್ದಳು. ಚಾವಡಿಯಲ್ಲಿ ನಂಜುಂಡಪ್ಪನವರು ಹಾರ ಹಾಕಿಕೊಂಡು ಕೂತಿದ್ದರು, ಸುತ್ತ ಹತ್ತಾರು ಜನ. ಎಲ್ಲರ ತಲೆಯ ಮೇಲೂ ನನ್ನ ಟೋಪಿ. ನಾನು ಮೆಟ್ಟಿಲು ಹತ್ತಿ, ಪಕ್ಕದ ಕೋಣೆ ಹೆಣಿಗೆ ಕಲಿಯುವ ಹೆಣ್ಣುಮಕ್ಕಳಿಗೆ ಬೇಕು ಎಂದೆ.

ಅವರು ಗಂಟಲು ಸರಿಮಾಡಿಕೊಂಡರು. “ನಿಮ್ ಯಜಮಾನ್ರ ಕಳ್ಸಿ ತಾಯಿ, ಕೂತ್ ಮಾತಾಡನ.”

“ಅವರು ಸೋತವರು, ಅವರೇನು ಕೇಳುತ್ತಾರೆ? ಸೋಲದೆ ಇರುವವಳು ನಾನು ಬಂದಿದ್ದೇನೆ.”

“ನೀವ್ಯಾವಾಗ್ ಗೆದ್ರಿ?”

“ನಿಂತರೆ ತಾನೇ ಸೋಲುವುದು ಗೆಲ್ಲುವುದು? ನಾನಿನ್ನೂ ನಿಂತಿಲ್ಲ. ಮುಂದಿನ ಸಲ ನಿಲ್ಲುತ್ತೇನೋ ಏನೋ.”

ಯಾರೋ ಕಿಸಕ್ಕೆಂದರು. ಬೋರಯ್ಯಜ್ಜ ಬಾಯಿಗೆ ಟವಲು ಇಟ್ಟುಕೊಂಡಿತು. ನಂಜುಂಡಪ್ಪನವರು ಹಾರ ಸರಿಮಾಡಿಕೊಂಡು ಮೂಟೆಗಳ ಮಾತು ತೆಗೆದರು, ಮಳೆ ಎಂದರು, ಇಲಿ ಎಂದರು. ನಾನು ಸುತ್ತಲಿನ ತಲೆಗಳ ಕಡೆ ಕೈ ತೋರಿಸಿದೆ.

“ನಿಮ್ಮ ಸೌಟನ್ನು ಊರಿನ ತಲೆಯ ಮೇಲೆ ಕೂರಿಸಿದವಳು ನಾನು. ಬಡಿಸೋನು ನಮ್ಮೋನಾದ್ರೆ ಕೊನೇ ಪಂಕ್ತೀಲಿ ಕೂತ್ರೂ ಊಟ ಸಿಕ್ತದೆ ಅಂತಾರೆ. ಈಗ ಬಡಿಸಿ ನೋಡೋಣ.”

ಆಮೇಲೆ ಆ ಚಾವಡಿಯಲ್ಲಿ ಎದ್ದ ನಗು ಬಸ್ ಸ್ಟ್ಯಾಂಡಿನವರೆಗೂ ಕೇಳಿಸಿತಂತೆ. ನಂಜುಂಡಪ್ಪನವರೂ ನಕ್ಕರು. ಅವರು ಕೆಟ್ಟವರಲ್ಲ, ಕಡಲೆಕಾಯಿ ಜಾಸ್ತಿ ಇದ್ದವರು, ಅಷ್ಟೇ. ಸೊಂಟದಿಂದ ಬೀಗದಕೈ ಬಿಚ್ಚಿ, ನನ್ನ ಕೈಗೆ ಕೊಡಲು ನಾಚಿಕೊಂಡು ಮೆಟ್ಟಿಲ ಮೇಲಿಟ್ಟರು. “ಮುಂದಿನ್ ಸಲ ನಿಂತ್ಗಿಂತ್ಬುಟ್ಟೀರಿ ತಾಯಿ,” ಎಂದರು. ನಾನು ಬೀಗದಕೈ ಎತ್ತಿ ನನ್ನ ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಮಧ್ಯಾಹ್ನದ ಹೊತ್ತಿಗೆ ಅವರ ಆಳುಗಳು ಮೂಟೆ ಹೊತ್ತು ಖಾಲಿ ಮಾಡಿದರು. ಚಿಕ್ಕಮಾದಮ್ಮ ಕೋಣೆಯನ್ನು ಗುಡಿಸಿ, ಎಲ್ಲಿಂದಲೋ ಒಂದು ದೊಡ್ಡ ಚಾಪೆ ತಂದು ಹಾಸಿದಳು. ನಾನು ಉಲ್ಲನ್ ಚೀಲವನ್ನು ತರಲು ಮನೆಗೆ ಹೋಗಿ ಬರುವಷ್ಟರಲ್ಲಿ ಹುಡುಗಿಯರೆಲ್ಲ ಬಂದು ಗೋಡೆಯ ಸುತ್ತ ನಿಂತಿದ್ದರು, ಯಾರು ಎಲ್ಲಿ ಕೂರಬೇಕೆಂದು ತಿಳಿಯದೆ. ಚಿಕ್ಕಮಾದಮ್ಮ ಚಾಪೆಯ ನಡುವೆ, ಕಿಟಕಿಯ ಬೆಳಕು ಬೀಳುವ ಕಡೆ, ಕೂತು ಹೆಣೆಯುತ್ತಿದ್ದಳು.

ಹೊಸ್ತಿಲಲ್ಲಿ ಚೀಲ ಹಿಡಿದು ನಾನೂ ನಿಂತೆ. ಇಷ್ಟು ವರ್ಷ ಅವಳನ್ನು ಬಾ, ಕೂರು ಎಂದು ಕರೆದವಳು ನಾನು. ಎಲ್ಲಿ ಕೂರಲಿ ಎಂದು ನನಗೆ ಎಂದೂ ಯೋಚನೆ ಬಂದಿರಲಿಲ್ಲ.

ಅವಳು ತಲೆಯೆತ್ತಿ ನನ್ನನ್ನು ನೋಡಿ, ಸ್ವಲ್ಪ ಪಕ್ಕಕ್ಕೆ ಸರಿದು ಚಾಪೆಯನ್ನು ಕೈಯಿಂದ ತಟ್ಟಿದಳು.

“ನಿಂತೇ ಇದ್ದೀರಲ್ಲಮ್ಮಾ. ಬನ್ನಿ, ಕೂತ್ಕಳಿ.”

ನಾನು ಹೋಗಿ ಅವಳ ಪಕ್ಕದಲ್ಲಿ ಕೂತೆ.